ಲಂಡನ್‌ನಿಂದ ಬರ್ಲಿನ್‌ಗೆ ಕಳಿಸಿದ ತಿಂಡಿ ಪಾರ್ಸಲ್ ವಾಪಸ್ ಬಂದದ್ದಕ್ಕೆ
ನೀವು ಲಂಡನ್‌ನಿಂದ ಬರ್ಲಿನ್‌ನಲ್ಲಿರುವ ತಂಗಿಗೆ ಕಳಿಸಿದ ತಿಂಡಿ ಪಾರ್ಸಲ್ ಯಾಕೆ ವಾಪಸ್ ಬಂತು ಅಂತ ಕೇಳಿದ್ದೀರಿ. ಅದಕ್ಕೆ ಕಾರಣ ಬಹುಶಃ ಅದರಲ್ಲಿದ್ದ ತುಪ್ಪ ಮತ್ತು ಪೇಡಾ, ನೀವಂದುಕೊಂಡ ಹಾಗೆ ಪ್ಯಾಕಿಂಗ್ ಅಲ್ಲ. ಬ್ರೆಕ್ಸಿಟ್ ಆದ ಮೇಲೆ, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ ಮೇಲೆ, 2021ರ ಜನವರಿ 1ರಿಂದ, ಜರ್ಮನಿಯೂ ಸೇರಿರುವ ಆ ಒಕ್ಕೂಟಕ್ಕೆ ಬ್ರಿಟನ್ ಹೊರಗಿನ ದೇಶ. ಹಾಗಾಗಿ ಬ್ರಿಟನ್‌ನಿಂದ ಅಲ್ಲಿಗೆ ಹಾಲು, ಮಾಂಸದ ಪದಾರ್ಥಗಳನ್ನು ಮನೆಯವರಿಗೆ ಅಂತ ಅಂಚೆಯಲ್ಲೂ ಕಳಿಸುವಂತಿಲ್ಲ, ಸೂಟ್‌ಕೇಸಿನಲ್ಲೂ ಒಯ್ಯುವಂತಿಲ್ಲ.

ಮೊದಲು ತುಪ್ಪ, ಪೇಡಾ ಎರಡನ್ನೂ ತೆಗೆಯಿರಿ. ಹಸಿ ಕರಿಬೇವು ಇದ್ದರೆ ಅದನ್ನೂ ತೆಗೆಯಿರಿ, ಅದಕ್ಕೆ ಬೇರೆಯೇ ಸರ್ಟಿಫಿಕೇಟ್ ಬೇಕು. ಚಟ್ನಿಪುಡಿ, ಸಾರಿನ ಪುಡಿ, ಬೆಣ್ಣೆ ಹಾಕದೆ ಎಣ್ಣೆಯಲ್ಲಿ ಕರಿದ ಚಕ್ಕುಲಿ ಇರಲಿ. ಮೈಸೂರ್ ಪಾಕ್ ಬಗ್ಗೆ ಖಚಿತವಾಗಿ ಹೇಳಲಾರೆ. ಕೆಲವು ಸಿಹಿತಿಂಡಿಗಳಿಗೆ ವಿನಾಯಿತಿ ಇದೆ, ಆದರೆ ಅಷ್ಟೊಂದು ತುಪ್ಪ ಹೀರಿದ್ದನ್ನು ಗಡಿಯಲ್ಲಿ ಪೆಟ್ಟಿಗೆ ತೆರೆದವರು ಹೇಗೆ ನೋಡುತ್ತಾರೋ, ನಾನಾಗಿದ್ದರೆ ಕಳಿಸುವುದಿಲ್ಲ.

ಆಮೇಲೆ ಕಸ್ಟಮ್ಸ್ ಫಾರಂನಲ್ಲಿ ಸುಮ್ನೆ ‘ತಿಂಡಿ’ ಅಂತ ಬರೆಯಬೇಡಿ. ಒಂದೊಂದಕ್ಕೂ ಹೆಸರು, ತೂಕ, ಬೆಲೆ ಬೇರೆ ಬೇರೆ ಹಾಕಿ: ‘ಅಕ್ಕಿಹಿಟ್ಟಿನ ಕರಿದ ತಿಂಡಿ, ಹಾಲು ಇಲ್ಲ, 400 ಗ್ರಾಂ’, ಹೀಗೆ, ಇಂಗ್ಲಿಷಿನಲ್ಲಿ. ಉಡುಗೊರೆ ಅಂತ ಗುರುತು ಮಾಡಿ, ಒಟ್ಟು ಬೆಲೆ 45 ಯೂರೋ ಒಳಗಿದ್ದರೆ ತಂಗಿ ತೆರಿಗೆ ಕಟ್ಟಬೇಕಾಗಿಲ್ಲ. ತುಪ್ಪವನ್ನು ಬರ್ಲಿನ್‌ನ ಇಂಡಿಯನ್ ಅಂಗಡಿಯಲ್ಲೇ ಕೊಳ್ಳಲು ಹೇಳಿ. ನೀವೇ ಕೊಡಿಸಬೇಕು ಅಂತಿದ್ದರೆ ಜರ್ಮನಿಯೊಳಗಿನ ಆನ್‌ಲೈನ್ ಅಂಗಡಿಯಿಂದ ಅವಳ ವಿಳಾಸಕ್ಕೆ ಆರ್ಡರ್ ಮಾಡಿ, ಅದು ಗಡಿ ದಾಟುವುದೇ ಇಲ್ಲವಲ್ಲ.