ಎಡಗಿವಿಯ ಸಿಳ್ಳೆ: ಡ್ರಮ್ಮರ್ ಒಬ್ಬರ ಪ್ರಕರಣ

ವಯಸ್ಸು 34. ಬೆಂಗಳೂರಿನ ಐದು ಜನರ ರಾಕ್ ಬ್ಯಾಂಡ್‌ನಲ್ಲಿ ಹನ್ನೊಂದು ವರ್ಷದಿಂದ ಡ್ರಮ್ಸ್. ಮದುವೆಯಾಗಿ ಮೂರು ವರ್ಷ. ಹೆಂಡತಿಗೆ ತಿಂಗಳ ಸಂಬಳದ ಕೆಲಸ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ. ಸಲಹೆ ಕೇಳಲು ನಮ್ಮಲ್ಲಿಗೆ ಬಂದ ದಿನ ಅವರದು ಒಂದೇ ಪ್ರಶ್ನೆ: “ಬ್ಯಾಂಡ್ ಬಿಡಲಾ, ಬೇಡವಾ? ಇವತ್ತೇ ಹೇಳಿಬಿಡಿ ಮೇಡಂ.” ನಿದ್ದೆ ನಾಲ್ಕು ಗಂಟೆಗೆ ಇಳಿದಿತ್ತು, ಶೋ ಮುಗಿದ ಮೇಲಿನ ಬಿಯರ್ ಎರಡರಿಂದ ಐದಕ್ಕೆ ಏರಿತ್ತು. ಹೆಂಡತಿಯ ದೂರು ಬೇರೆಯೇ. “ಅಡುಗೆಮನೆಯಿಂದ ಕರೆದರೆ ಓಗೊಡಲ್ಲ. ಬೇಕಂತಲೇ ಮಾಡ್ತಾರೆ ಅನ್ಸುತ್ತೆ.”

ದಾರಿ ತೋರಿಸಿದ್ದು ಈ ದೂರು. ಡ್ರಮ್ಮರ್ ಕುರ್ಚಿಯನ್ನು ಸ್ವಲ್ಪ ತಿರುಗಿಸಿ, ಬಲಗಿವಿ ನಮ್ಮ ಕಡೆ ಬರುವಂತೆ ಕೂತಿದ್ದರು. ಫ್ಯಾನ್ ಆಫ್ ಮಾಡಿದೊಡನೆ ಮುಖ ಬಿಗಿಯಿತು. ಮೆಲ್ಲಗೆ ಕೇಳಿದಾಗ ಬಾಯಿಬಿಟ್ಟರು: ಎಂಟು ತಿಂಗಳಿಂದ ಎಡಗಿವಿಯಲ್ಲಿ ದೂರದ ಕುಕ್ಕರ್ ಸಿಳ್ಳೆಯಂಥ ಸದ್ದು, ನಿಲ್ಲುವುದೇ ಇಲ್ಲ. ಬ್ಯಾಂಡಿನವರಿಗೂ ಹೇಳಿಲ್ಲ, ಮನೆಯಲ್ಲೂ ಹೇಳಿಲ್ಲ. “ಗೊತ್ತಾದ್ರೆ ಮುಂದಿನ ಶೋಗೆ ನನ್ನ ಸ್ಟೂಲ್ ಮೇಲೆ ಬೇರೆ ಹುಡುಗ ಕೂತಿರ್ತಾನೆ.”

ಎಡಗಿವಿಯೇ ಏಕೆ? ಬಲಗೈ ಡ್ರಮ್ಮರ್‌ಗೆ ಹೈ-ಹ್ಯಾಟ್, ಅಂದರೆ ಜೋಡಿ ಸಿಂಬಲ್ (ತಾಳದ ಲೋಹದ ತಟ್ಟೆ), ಎಡಕ್ಕಿರುತ್ತದೆ, ಅದರ ಸದ್ದು ಎಡಗಿವಿಗೇ ಹತ್ತಿರ. ಇವರು ಅದಕ್ಕೆ ಇನ್ನೊಂದು ಸೇರಿಸಿದ್ದರು. ಬ್ಯಾಂಡಿನ ಸದ್ದು ನೇರ ಸಿಗಲಿ ಎಂದು ಬಲಗಿವಿಯ ಇನ್-ಇಯರ್ (ವೇದಿಕೆಯಲ್ಲಿ ಬಳಸುವ ಇಯರ್‌ಫೋನ್) ಕಿತ್ತಿಟ್ಟು, ಲಯ ಹಿಡಿಯಲು ಬರುವ ಕ್ಲಿಕ್ ಸದ್ದನ್ನು ಎಡಗಿವಿಯಲ್ಲಷ್ಟೇ ಕೇಳುತ್ತಿದ್ದರು. ಸಿಂಬಲ್ ಕ್ಲಿಕ್ಕನ್ನು ನುಂಗುತ್ತದೆ, ವಾಲ್ಯೂಮ್ ಏರುತ್ತದೆ. ಗಂಟೆ ಕಳೆಯುವಷ್ಟರಲ್ಲಿ ಕಿವಿ ದಣಿದು ಮಂದವಾಗುತ್ತದೆ, ಮತ್ತೆ ಏರುತ್ತದೆ. ಎರಡೂ ಕಿವಿಗೆ ಹಾಕಿಕೊಂಡಿದ್ದರೆ ಹೊರಗಿನ ಸದ್ದೂ ತಡೆಯುತ್ತಿತ್ತು, ಕಡಿಮೆ ವಾಲ್ಯೂಮೂ ಸಾಕಾಗುತ್ತಿತ್ತು.

ಮೊದಲ ಭೇಟಿಯಲ್ಲಿ ಕೊಟ್ಟ ಸಲಹೆ: ಬಿಡುವ-ಇರುವ ತೀರ್ಮಾನ ಮೂರು ತಿಂಗಳು ಮುಂದಕ್ಕೆ. ನಿದ್ದೆಗೆಟ್ಟ ತಲೆಯಲ್ಲಿ, ಅಳತೆ ಮಾಡದ ಕಿವಿಯನ್ನಿಟ್ಟುಕೊಂಡು ಆ ಲೆಕ್ಕ ಸರಿಬರುವುದಿಲ್ಲ. ಬದುಕು ಬೇಡ ಎನ್ನಿಸಿದೆಯಾ ಎಂದು ನೇರವಾಗಿಯೇ ಕೇಳಿದೆವು, ಇಲ್ಲ ಎಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಬರೆದುಕೊಟ್ಟು, ಇಎನ್‌ಟಿ ವೈದ್ಯರಿಗೂ ಶ್ರವಣ ಪರೀಕ್ಷೆಗೂ ಕಳಿಸಿದೆವು. ಒಂದು ಎಚ್ಚರಿಕೆ ಬೇರೆಯಾಗಿ ಹೇಳಿದ್ದು: ಯಾವ ದಿನವಾದರೂ ಒಂದು ಕಿವಿ ದಿಢೀರನೆ ಮುಚ್ಚಿಹೋದಂತಾದರೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ಆ ಚಿಕಿತ್ಸೆಗೆ ಮೊದಲ ಎರಡು ವಾರವೇ ಮುಖ್ಯ.

ಶ್ರವಣ ಪರೀಕ್ಷೆಯ ನಕ್ಷೆಯಾದ ಆಡಿಯೋಗ್ರಾಮ್‌ನಲ್ಲಿ 2000 ಹರ್ಟ್ಸ್‌ವರೆಗೆ ಗೆರೆ ಸರಿಯಾಗಿತ್ತು. 4000ದ ಬಳಿ ಎಡಗಿವಿಯ ಗೆರೆ 45 ಡೆಸಿಬಲ್‌ಗೆ ಕುಸಿದಿತ್ತು, ಬಲಗಿವಿಯದು 25ಕ್ಕೆ (ಇಲ್ಲಿ ಅಂಕಿ ಹೆಚ್ಚಿದಷ್ಟೂ ಕೇಳುವುದು ಕಡಿಮೆ). ಗದ್ದಲದ ಪೆಟ್ಟು ಬೀಳುವ ಜಾಗ ಅದು. ಹೀಗೆ ಹೋದದ್ದು ಮರಳಿ ಬರುವುದಿಲ್ಲ, ಅದನ್ನು ಮುಚ್ಚಿಡಲಿಲ್ಲ. ಹಾಳೆಯನ್ನು ಹೆಂಡತಿಯ ಮುಂದೆಯೇ ಬಿಡಿಸಿದೆವು. ಸ, ಶ, ತ, ಕ ಇಂಥ ವ್ಯಂಜನಗಳು ಮಿಕ್ಸಿ, ನಲ್ಲಿಯ ಸದ್ದಿನಲ್ಲಿ ಕರಗಿಹೋಗುತ್ತವೆ, ದನಿ ಕೇಳಿದರೂ ಮಾತು ಹಿಡಿಯುವುದಿಲ್ಲ. ಹೆಂಡತಿ ಬಹಳ ಹೊತ್ತು ಹಾಳೆಯನ್ನೇ ನೋಡಿದರು. “ಮೂರು ವರ್ಷ ಬೈದಿದ್ದೀನಲ್ರೀ” ಎಂದಷ್ಟೇ ಹೇಳಿದರು.

ಬ್ಯಾಂಡ್ ಅಭ್ಯಾಸ ಮಾಡುವ ಜ್ಯಾಮ್ ರೂಮ್‌ನಲ್ಲಿ ಡ್ರಮ್ಮರ್‌ನ ಕಿವಿಯ ಮಟ್ಟದಲ್ಲಿ ಅಳೆಸಿದಾಗ 103 ಡೆಸಿಬಲ್. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು, ಆಮೇಲೆ ಪ್ರತಿ 3 ಡೆಸಿಬಲ್ ಏರಿಕೆಗೆ ಸಮಯ ಅರ್ಧ ಎಂಬ, ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ, 103ಕ್ಕೆ ಇಡೀ ದಿನಕ್ಕೆ ಏಳೂವರೆ ನಿಮಿಷ. ಇವರದು ಮೂರು ಗಂಟೆಯ ಅಭ್ಯಾಸ. 15 ಡೆಸಿಬಲ್ ತಗ್ಗಿಸುವ ಫಿಲ್ಟರ್‌ನ, ಸಂಗೀತಗಾರರ ಕಿವಿ ಪ್ಲಗ್ ಹಾಕಿದರೆ ಕಿವಿಗೆ ಬೀಳುವುದು 88, ಸಿಗುವುದು ನಾಲ್ಕು ಗಂಟೆ. ಅದೂ ಪ್ಲಗ್ ಸರಿಯಾಗಿ ಕೂತರೆ ಮಾತ್ರ. ಔಷಧಿ ಅಂಗಡಿಯ ಸ್ಪಂಜಿನ ಪ್ಲಗ್ ಡ್ರಮ್ಮರ್‌ಗೆ ಒಗ್ಗದು: ಸಿಂಬಲ್‌ನ ಹೊಳಪನ್ನೇ ಹೆಚ್ಚು ಕತ್ತರಿಸುವುದರಿಂದ ಕೈ ತಾನಾಗಿ ಜೋರು ಬಾರಿಸುತ್ತದೆ, ಮಣಿಕಟ್ಟು ನೋಯುತ್ತದೆ.

ಹೆದರಿ ಇವರು ಮನೆಯಲ್ಲೂ ದಿನವಿಡೀ ಸ್ಪಂಜು ತುರುಕಿಕೊಳ್ಳುತ್ತಿದ್ದರು. ಅದನ್ನು ಮೊದಲು ನಿಲ್ಲಿಸಿದ್ದು. ನಿಶ್ಶಬ್ದದಲ್ಲಿ ಸಿಳ್ಳೆ ದೊಡ್ಡದಾಗುತ್ತದೆ, ಸಾಮಾನ್ಯ ಸದ್ದೂ ಚುಚ್ಚತೊಡಗುತ್ತದೆ. ರಾತ್ರಿ ಫ್ಯಾನ್ ಅಥವಾ ಮಳೆಯ ಸದ್ದು, ಸಿಳ್ಳೆಯನ್ನು ಮುಚ್ಚುವಷ್ಟಲ್ಲ, ಅದಕ್ಕಿಂತ ತುಸು ಕೆಳಗೆ. ಜೊತೆಗೆ “ಇದು ಹೆಚ್ಚಾಗುತ್ತಲೇ ಹೋಗುತ್ತೆ, ನನ್ನ ಕತೆ ಮುಗೀತು” ಎಂಬ ಯೋಚನೆಯ ಮೇಲೆ ಆರು ಭೇಟಿಗಳ ಸಿಬಿಟಿ (ಯೋಚನೆ, ನಡವಳಿಕೆಯ ರೀತಿ ಬದಲಿಸುವ ಮಾತಿನ ಚಿಕಿತ್ಸೆ). ಸಿಳ್ಳೆ ಇಂಗಿಸುವ ಮಾತ್ರೆ ಎಂದು ಹಣ ಕೇಳುವವರಿಂದ ದೂರವಿರಲು ಹೇಳಿದೆವು.

ಬ್ಯಾಂಡಿಗೆ ಹೇಳುವುದು ಇದೆಲ್ಲಕ್ಕಿಂತ ಕಷ್ಟವಾಯಿತು. ಬ್ರಿಟನ್ನಿನ ರಾಕ್ ಬ್ಯಾಂಡ್ ಡೆಫ್ ಲೆಪರ್ಡ್‌ನ ಡ್ರಮ್ಮರ್ ರಿಕ್ ಅಲೆನ್ 1984ರ ಡಿಸೆಂಬರ್ 31ರಂದು ಅಪಘಾತದಲ್ಲಿ ಎಡಗೈ ಕಳೆದುಕೊಂಡರು. ಬ್ಯಾಂಡ್ ಕಾಯಿತು, ಎಡಗೈಯ ಕೆಲಸವನ್ನು ಕಾಲಿನ ಪೆಡಲ್‌ಗಳಿಗೆ ಹೊಂದಿಸಿಕೊಂಡು 1986ರಲ್ಲಿ ವೇದಿಕೆಗೆ ಮರಳಿದರು. ಈ ಉದಾಹರಣೆಯನ್ನು ಇವರೇ ತಂದರು. ಸರಿ, ಆದರೆ ಆ ಬ್ಯಾಂಡಿನ ಕೈಯಲ್ಲಿ ಕಾಸಿತ್ತು ಎಂಬುದನ್ನೂ ನೆನಪಿಸಬೇಕಾಯಿತು. ನಾಟಕವಾಡಿಸಿ ಮೂರು ವಾಕ್ಯ ಸಿದ್ಧಮಾಡಿದೆವು: “ಮಗಾ, ನನ್ನ ಎಡಗಿವಿಗೆ ಪೆಟ್ಟಾಗಿದೆ. ಬಾರಿಸೋಕೆ ತೊಂದರೆ ಇಲ್ಲ. ಆಂಪ್ ನನ್ನ ಹಿಂದಿನಿಂದ ಸರಿಸಿ, ಇನ್-ಇಯರ್‌ಗೆ ರೂಮಿನ ಮೈಕ್ ಕೊಡಿ.” ಕೇಳಿದ ಬೇಸಿಸ್ಟ್ ತನಗೂ ಸಿಳ್ಳೆ ಇದೆ ಎಂದನಂತೆ.

ಹಣದ ಗಂಟು ಆಮೇಲೆ ಬಿಚ್ಚಿತು. ಪಬ್ ಶೋಗೆ 45,000 ಬಂದರೆ ಸೌಂಡ್ ಎಂಜಿನಿಯರ್, ಟೆಂಪೊ, ಜ್ಯಾಮ್ ರೂಮ್ ಬಾಡಿಗೆ ಕಳೆದು ಇವರ ಪಾಲು ಆರೂವರೆ ಸಾವಿರ. ಹಾಡುಗಳ ರಚನೆಯಲ್ಲಿ ಗಾಯಕ, ಗಿಟಾರಿಸ್ಟ್ ಹೆಸರಷ್ಟೇ. ಹಾಡುಗಳ ರಾಯಲ್ಟಿ ಸಂಗ್ರಹಿಸಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಹಣ ಹೋಗುವುದು ಸಾಹಿತಿ, ಸಂಯೋಜಕ, ಪ್ರಕಾಶಕರಿಗೆ, ಬಾರಿಸಿದ್ದಕ್ಕಲ್ಲ. ಆದ್ದರಿಂದ ಹೊಸ ಹಾಡು ರೆಕಾರ್ಡ್ ಆಗುವ ಮೊದಲೇ ಶೇಕಡಾ ಪಾಲು ಕಾಗದದ ಮೇಲೆ ಬರಲಿ ಎಂದೆವು. ಟ್ರಿನಿಟಿ, ರಾಕ್‌ಸ್ಕೂಲ್ ಸಂಸ್ಥೆಗಳ ಸಂಗೀತ ಗ್ರೇಡ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವ ಪಾಠವನ್ನೂ ಹಿಡಿದರು, ಆದರೆ ಸದ್ದು ಕಡಿಮೆಯಿರುವ ಪ್ರಾಕ್ಟೀಸ್ ಪ್ಯಾಡ್ ಮತ್ತು ಮೆಶ್ ಹೆಡ್‌ನ (ಬಲೆಯ ಹೊದಿಕೆಯ) ಎಲೆಕ್ಟ್ರಾನಿಕ್ ಕಿಟ್ ಮೇಲೆ ಮಾತ್ರ. ಇಲ್ಲದಿದ್ದರೆ ಪಾಠವೂ ಅದೇ 103.

ಮೂರು ತಿಂಗಳಾದಾಗ ತಿಂಗಳಿಗೆ ಆರು ಶೋ ನಾಲ್ಕಾಗಿತ್ತು, ನಿದ್ದೆ ಆರು ಗಂಟೆ. ಸಿಳ್ಳೆ ಇದೆ, ನಾವು ಕೇಳಿದಾಗ ನೆನಪಾಗುತ್ತದೆ ಎಂದರು. ಹೆಂಡತಿ ಈಗ ಬಲಗಡೆಗೆ ಬಂದು ಮಾತಾಡುತ್ತಾರೆ. ಗಿಟಾರಿಸ್ಟ್ ಮಾತ್ರ ಪಾಲಿನ ಕಾಗದಕ್ಕೆ ಇನ್ನೂ ಸಹಿ ಹಾಕಿಲ್ಲ. ಮುಂದಿನ ಭೇಟಿ ಅದರದ್ದೇ.