ಕತ್ತಿ ಹಿಡಿಯದ ಕೈಯ ಋಣ

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ ಹೀಗಿದೆ: ಯುಗಾದಿಯ ಮರುದಿನ, ಬಾಡೂಟದ ಹೊಸತೊಡಕಿನಂದು, ಬೆಂಗಳೂರಿನಲ್ಲಿದ್ದ ಅವರು, ಮಾಂಸದಂಗಡಿಯೊಂದರ ಮುಂದೆ ಬೆಳಗಿನ ಐದು ಗಂಟೆಗೇ ಬೀದಿಯುದ್ದ ಬೆಳೆದಿದ್ದ ಸಾಲನ್ನು ಕಂಡರು. ಅಲ್ಲಿ ನಿಂತವರಲ್ಲಿ ಎಷ್ಟು ಜನ ಆ ಕುರಿಯನ್ನು ತಾವೇ ಕೊಲ್ಲಬಲ್ಲರು ಎಂಬ ಪ್ರಶ್ನೆ ಅವರನ್ನು ಬಿಡದೆ ಕಾಡಿತು. ಕೊಲ್ಲಲಾಗದವನಿಗೆ ತಿನ್ನುವ ಹಕ್ಕಿಲ್ಲ ಎಂಬುದು ಅವರ ವಾದ. ಫೇಸ್‌ಬುಕ್ಕಿನ ಮಾರ್ಕ್ ಜುಕರ್‌ಬರ್ಗ್ 2011ರಲ್ಲಿ, ತಾನೇ ಕೊಂದ ಪ್ರಾಣಿಯ ಮಾಂಸವನ್ನಷ್ಟೇ ತಿನ್ನುವುದಾಗಿ ಪಣ ತೊಟ್ಟದ್ದನ್ನು ಅವರು ಮೆಚ್ಚಿ ನೆನೆದಿದ್ದಾರೆ. ‘ಮಾಂಸಾಹಾರಿಯಾದ ನೀವು ಕೊಲ್ಲಬಲ್ಲಿರಾ?’ ಎಂದು ಕೊನೆಗೆ ನನ್ನನ್ನೇ ಕೇಳಿದ್ದಾರೆ.

ಮಾನ್ಯರೇ,

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ: ಕೊಲ್ಲಲಾರೆ. ಇದನ್ನು ಊಹೆಯಿಂದ ಹೇಳುತ್ತಿಲ್ಲ. ನನಗೆ ಹದಿನಾಲ್ಕು ವರ್ಷವಾಗಿದ್ದಾಗ, ಮಳವಳ್ಳಿ ಸೀಮೆಯ ನಮ್ಮ ಊರಿಗೆ ನೆಂಟರು ಬಂದ ಒಂದು ಮಧ್ಯಾಹ್ನ, ಕೋಳಿ ಕುಯ್ಯುವ ಸೋದರಮಾವ ಮನೆಯಲ್ಲಿಲ್ಲದ ಕಾರಣ ಅಜ್ಜಿ ನಾಟಿ ಹುಂಜವೊಂದನ್ನು ನನ್ನ ಕೈಗೆ ಕೊಟ್ಟರು. ಮಾವ ರೆಕ್ಕೆಗಳನ್ನು ಒಂದು ಪಾದದಡಿ, ಕಾಲುಗಳನ್ನು ಇನ್ನೊಂದು ಪಾದದಡಿ ಮೆಟ್ಟಿ ಹಿಡಿದು, ಕತ್ತಿನ ಪುಕ್ಕವನ್ನಷ್ಟು ಕಿತ್ತು, ಒಂದೇ ಎಳೆತಕ್ಕೆ ಕೆಲಸ ಮುಗಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ನೋಡಿದ್ದು ಕೈಗೆ ಬರಲಿಲ್ಲ. ಕತ್ತಿ ತಾಗುವ ಕ್ಷಣಕ್ಕೆ ಸರಿಯಾಗಿ ಕಣ್ಣು ಮುಚ್ಚಿಕೊಂಡೆ, ಹಿಡಿತ ಸಡಿಲವಾಯಿತು, ಅರ್ಧ ಕುಯ್ದ ಕತ್ತಿನ ಹುಂಜ ತಿಪ್ಪೆಯ ಹಿಂದಕ್ಕೆ ಓಡಿತು. ಅಜ್ಜಿಯೇ ಹೋಗಿ ಅದನ್ನು ಹಿಡಿದು ಕ್ಷಣದಲ್ಲಿ ಮುಗಿಸಿ ಬಂದರು. ನನ್ನ ಹೆದರಿಕೆಯನ್ನು ಅವರು ಹಳಿಯಲಿಲ್ಲ. ‘ಕೈಲಾಗ್ದಿದ್ರೆ ಯೋಳ್ಬಾರ್ದಾಗಿತ್ತಾ ಮಗಾ, ಅದ್ಕೆ ಎಲ್ಡು ಸಾವು ಕೊಟ್ಟೆ’ ಎಂದರು. ಆ ದಿನ ನಾನು ಸಾರು ಮುಟ್ಟಲಿಲ್ಲ. ಮುಂದಿನ ಸಲ ಮಾಡಿದಾಗ ತಿಂದೆ.

ನೀವು ಹೇಳುವ ಪರೀಕ್ಷೆಯನ್ನು ನಾನು ಆ ಹುಂಜದ ಕಡೆಯಿಂದ ನೋಡುವುದು ಈ ಕಾರಣಕ್ಕೆ. ನಿಮ್ಮ ಅಳತೆಯ ಪ್ರಕಾರ ಮಾವ ಮತ್ತು ಅಜ್ಜಿ ಉತ್ತೀರ್ಣರು, ನಾನು ಅನುತ್ತೀರ್ಣ. ಆದರೆ ಪರೀಕ್ಷೆಗೆ ಕೂತದ್ದು ನಾನಾದರೂ ಅದರ ಬೆಲೆ ತೆತ್ತದ್ದು ಹುಂಜ. ಕುರಿ ಮೇಕೆಗಳ ಮಿದುಳಿಗೆ ರಕ್ತ ಹೋಗುವುದು ಬಹುಪಾಲು ಕತ್ತಿನ ಎರಡು ಪಕ್ಕಗಳ ದೊಡ್ಡ ರಕ್ತನಾಳಗಳಿಂದ. ಹರಿತವಾದ ಚೂರಿ ಅವೆರಡನ್ನೂ ಒಂದೇ ಎಳೆತಕ್ಕೆ ಕಡಿದರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ದನ ಎಮ್ಮೆಗಳಲ್ಲಿ ಕತ್ತಿನ ಹಿಂದಿನ ಮೂಳೆಗಳ ನಡುವೆ ಸಾಗುವ ನಾಳಗಳೂ ಮಿದುಳಿಗೆ ರಕ್ತ ಒಯ್ಯುವುದರಿಂದ ಅದಕ್ಕೆ ಇನ್ನಷ್ಟು ಹೊತ್ತು ಬೇಕು. ಚೂರಿ ಮೊಂಡಾದರೆ, ಕೈ ನಡುಗಿದರೆ, ಒಂದು ನಾಳ ಉಳಿದುಬಿಟ್ಟರೆ ಆ ಸೆಕೆಂಡುಗಳು ಎಳೆಯುತ್ತ ಹೋಗುತ್ತವೆ. 2014ರ ಸರ್ಕಾರಿ ಸಮೀಕ್ಷೆಯೊಂದರ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಐವರಲ್ಲಿ ಸುಮಾರು ನಾಲ್ವರು ಮಾಂಸಾಹಾರಿಗಳು. ಅವರೆಲ್ಲರ ಕೈಗೂ ಚೂರಿ ಕೊಟ್ಟು ತಿನ್ನುವ ಹಕ್ಕನ್ನು ಸಂಪಾದಿಸಿಕೊಳ್ಳಿ ಎಂದರೆ, ನನ್ನಂತೆ ಎರಡು ಸಾವು ಕೊಡುವವರೇ ಅವರಲ್ಲಿ ಹೆಚ್ಚಾಗಿರುತ್ತಾರೆ. ಜುಕರ್‌ಬರ್ಗ್ ಅವರಿಗೆ ಬಲ್ಲವರ ಮಾರ್ಗದರ್ಶನವಿತ್ತು, ಕೊಂದ ಮೇಲೆ ಕತ್ತರಿಸಿ ಕೊಡಲು ಕಟುಕರೂ ಇದ್ದರು. ಆ ವರ್ಷ ತಾವು ಹೆಚ್ಚುಕಡಿಮೆ ಸಸ್ಯಾಹಾರಿಯೇ ಆಗಿಬಿಟ್ಟಿದ್ದಾಗಿ ಅವರೇ ಹೇಳಿಕೊಂಡರು. ಅವರ ಪ್ರಾಮಾಣಿಕತೆಯನ್ನು ನಾನು ಅನುಮಾನಿಸುವುದಿಲ್ಲ, ಆದರೆ ಅದು ಅನುಕೂಲವುಳ್ಳ ಒಬ್ಬರು ಒಂದು ವರ್ಷದ ಮಟ್ಟಿಗೆ ಹಿಡಿದ ವ್ರತ.

ಇನ್ನು ನಿಮ್ಮ ವಾದದ ತಿರುಳಿಗೆ ಬರುತ್ತೇನೆ. ಕೊಲ್ಲಬಲ್ಲವನು ತಿನ್ನಬಹುದು ಎಂಬ ಮಾತು ಅಹಿಂಸೆಯ ಪರವಾಗಿ ಆಡಿದಂತೆ ಕೇಳಿಸುತ್ತದೆ, ಆದರೆ ಅಹಿಂಸೆಯನ್ನು ಆಳವಾಗಿ ಯೋಚಿಸಿದ ನಮ್ಮ ಯಾವ ಪರಂಪರೆಯೂ ಅದನ್ನು ಒಪ್ಪಿದಂತಿಲ್ಲ. ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಸಮ್ಮತಿಸಿದ್ದು, ಈ ಮೂರನ್ನೂ ಹಿಂಸೆಯೆಂದೇ ಎಣಿಸುವ ಜೈನರಿಗೆ ಕೈಯ ಧೈರ್ಯ ಲೆಕ್ಕಕ್ಕೇ ಬರುವುದಿಲ್ಲ. 1209ರಲ್ಲಿ ಜನ್ನ ಮುಗಿಸಿದ ‘ಯಶೋಧರ ಚರಿತೆ’ಯಲ್ಲಿ ಅರಸನು ಜೀವಬಲಿಗೆ ಒಪ್ಪದೆ, ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ, ಕಡಿದಾಗ ಅದು ಕೂಗುತ್ತದೆ, ಆ ಸಂಕಲ್ಪವೊಂದಕ್ಕೇ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ. ಮನುಸ್ಮೃತಿಯ ಐದನೆಯ ಅಧ್ಯಾಯವೂ ಅನುಮತಿ ಕೊಟ್ಟವನು, ಕತ್ತರಿಸಿದವನು, ಕೊಂದವನು, ಕೊಂಡವನು, ಮಾರಿದವನು, ಬೇಯಿಸಿದವನು, ಬಡಿಸಿದವನು, ತಿಂದವನು ಎಂದು ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೊಂದವರೆಂದು ಕರೆಯುತ್ತದೆ. ಬೌದ್ಧ ಸಂಘದ ನಿಯಮಗಳಾದ ‘ವಿನಯ’ ಮಾತ್ರ ಭಿಕ್ಷುವಿಗೆ ಒಂದು ಬಾಗಿಲು ತೆರೆದಿಟ್ಟಿತು: ತನಗಾಗಿಯೇ ಕೊಂದದ್ದನ್ನು ಕಾಣದಿದ್ದರೆ, ಕೇಳದಿದ್ದರೆ, ಹಾಗೆಂದು ಶಂಕಿಸಲು ಕಾರಣವಿಲ್ಲದಿದ್ದರೆ, ಭಿಕ್ಷಾಪಾತ್ರೆಗೆ ಬಿದ್ದ ಮಾಂಸವನ್ನು ಅವನು ತಿನ್ನಬಹುದು. ಸಾಲಿನಲ್ಲಿ ನಿಂತು ಹಣ ಕೊಟ್ಟು ಕೊಳ್ಳುವ ನಾವು ಭಿಕ್ಷುಗಳಲ್ಲವಾದ್ದರಿಂದ ಆ ಬಾಗಿಲಿನಿಂದ ನುಸುಳಲಾರೆವು. ಕೊಲೆ ಕೂಡದೆಂದರೆ ಅದು ಅಳುಕುವವನಿಗೂ ಅಳುಕದವನಿಗೂ ಸಮನಾಗಿ ಕೂಡದು. ನೀವು ಮಾಂಸಾಹಾರವೇ ತಪ್ಪೆಂದು ನೇರವಾಗಿ ಬರೆದಿದ್ದರೆ ಅದು ಇದಕ್ಕಿಂತ ಗಟ್ಟಿಯಾದ ವಾದವಾಗುತ್ತಿತ್ತು, ಅದನ್ನು ಎದುರಿಸಲು ನನಗೆ ಇನ್ನೂ ಕಷ್ಟವಾಗುತ್ತಿತ್ತು.

ಆದರೂ ನಿಮ್ಮ ಪತ್ರ ನನ್ನನ್ನು ಹಲವು ದಿನ ಹಿಡಿದು ನಿಲ್ಲಿಸಿತು. ಅದಕ್ಕೆ ಕಾರಣ ನೀವು ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆ: ನಾವು ಕೊಲ್ಲಲಾರೆವೆಂದಾದರೆ, ನಮಗಾಗಿ ಕೊಲ್ಲುವವನು ಯಾರು, ಅವನನ್ನು ನಾವು ಹೇಗೆ ನಡೆಸಿಕೊಂಡಿದ್ದೇವೆ? ಮಹಾಭಾರತದ ವನಪರ್ವದಲ್ಲಿ ಮಿಥಿಲೆಯ ಧರ್ಮವ್ಯಾಧ ಬರುತ್ತಾನೆ. ತಪಸ್ವಿ ಬ್ರಾಹ್ಮಣನೊಬ್ಬ ಧರ್ಮ ಕಲಿಯಲು ಈ ಮಾಂಸ ಮಾರುವವನ ಬಳಿಗೆ ಹೋಗುತ್ತಾನೆ ಎಂಬುದು ಎಲ್ಲರಿಗೂ ಗೊತ್ತು. ನೇಗಿಲು ಮಣ್ಣಿನೊಳಗಿನ ಎಷ್ಟು ಜೀವಗಳನ್ನು ಕೊಲ್ಲುತ್ತದೆ ನೋಡು ಎಂದು ಅವನು ಬೇಸಾಯವನ್ನೂ ಬಿಡದೆ ಪ್ರಶ್ನಿಸುತ್ತಾನೆ. ಅಷ್ಟು ದೂರ ಹೋಗುವ ಅವನು ತನ್ನ ಬಗ್ಗೆ ಹೇಳುವ ಮಾತು ಗಮನಕ್ಕೆ ಬರುವುದು ಕಡಿಮೆ: ನಾನು ಸ್ವತಃ ಕೊಲ್ಲುವುದಿಲ್ಲ, ಬೇರೆಯವರು ಕೊಂದದ್ದನ್ನು ಮಾರುತ್ತೇನೆ, ನಾನು ಮಾಂಸ ತಿನ್ನುವುದೂ ಇಲ್ಲ ಎನ್ನುತ್ತಾನೆ. ಧರ್ಮ ಹೇಳುವ ವ್ಯಾಧನ ಕೈಯಲ್ಲೂ ಚೂರಿ ಇಡಲು ಕಾವ್ಯಕ್ಕೆ ಮನಸ್ಸಾಗಲಿಲ್ಲ. ಆ ‘ಬೇರೆಯವರು’ ಯಾರು, ಅವರ ಧರ್ಮವೇನು ಎಂದು ಕೇಳುವವರು ಕಥೆಯಲ್ಲಿಲ್ಲ.

ಆ ಬೇರೆಯವರನ್ನು ನಾವು ಇಂದಿಗೂ ಕಥೆಯ ಹೊರಗೇ ಇಟ್ಟಿದ್ದೇವೆ. ಜಪಾನಿನಲ್ಲಿ ಕಸಾಯಿ ಕೆಲಸ ಮತ್ತು ತೊಗಲಿನ ಕೆಲಸ ಮಾಡುತ್ತಿದ್ದವರನ್ನು ಬುರಾಕುಮಿನ್ ಎಂದು ತಲೆಮಾರುಗಟ್ಟಲೆ ಊರಾಚೆ ಇಟ್ಟರು; ನಮಗೆ ಅದನ್ನು ಪರದೇಶದ ಸಂಗತಿಯೆಂದು ಓದುವ ಅಗತ್ಯವಿಲ್ಲ. ಕನ್ನಡದಲ್ಲಿ ‘ಕಟುಕ’ ಎಂಬುದು ಒಂದು ಕಸುಬಿನ ಹೆಸರಾಗಿರುವುದಕ್ಕಿಂತ ಹೆಚ್ಚಾಗಿ ಬೈಗುಳವಾಗಿದೆ. ಸಾಲಗಾರನನ್ನು ಹಿಂಡಿದ ಬಡ್ಡಿ ವ್ಯಾಪಾರಿಯೂ ಕಟುಕ, ಸೊಸೆಯನ್ನು ಕಾಡಿದ ಗಂಡನ ಮನೆಯವರೂ ಕಟುಕರು. ನಿಮ್ಮ ಪತ್ರ ಬಂದ ಮೇಲೆ ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ತಿರುವಿ ನೋಡಿದೆ, ನಾವೂ ಆ ಪದವನ್ನು ಹಾಗೆಯೇ ಬಳಸಿದ್ದೇವೆ. ಭಾನುವಾರ ಒಬ್ಬರ ಕೈಯಿಂದ ಒಂದು ಕಿಲೋ ಮಾಂಸ ಕಟ್ಟಿಸಿಕೊಂಡು ಬಂದು ಸೋಮವಾರ ಅವರ ಕಸುಬಿನ ಹೆಸರನ್ನು ಕ್ರೂರಿಗಳಿಗೆ ಇಡುವುದು ನನಗೆ ಈಗ ಸಹಿಸಲಾಗದ ಅನ್ಯಾಯವೆಂದು ತೋರುತ್ತಿದೆ. ಇನ್ನು ಮುಂದೆ ಈ ಪತ್ರಿಕೆಯಲ್ಲಿ ಆ ಪದವನ್ನು ಬೈಗುಳವಾಗಿ ಅಚ್ಚು ಹಾಕುವುದಿಲ್ಲ.

ಹಳ್ಳಿಯಲ್ಲಿ ಈ ಅಂತರ ಇಷ್ಟಿರಲಿಲ್ಲ ಎಂದು ನಾನು ಹೇಳಬಲ್ಲೆ, ಏಕೆಂದರೆ ಗುಡ್ಡೆ ಬಾಡು ತಿಂದು ಬೆಳೆದವನು ನಾನು. ನಿಮ್ಮ ಕಡೆ ಈ ಪದ್ಧತಿಯ ಪರಿಚಯ ಇರಲಾರದು. ಹಬ್ಬಕ್ಕೆ ಹತ್ತು ಹದಿನೈದು ಮನೆಯವರು ಹಣ ಸೇರಿಸಿ ಒಂದೆರಡು ಕುರಿ ತರುತ್ತಾರೆ. ಹೊತ್ತು ಮೂಡುವ ಮೊದಲೇ ಮರದಡಿಯಲ್ಲಿ ಕುಯ್ದು, ಎಲೆ ಹಾಸಿದ ಮೇಲೆ ಮನೆಗೊಂದರಂತೆ ಗುಡ್ಡೆ ಹಾಕುತ್ತಾರೆ. ಪ್ರತಿಯೊಂದು ಗುಡ್ಡೆಗೂ ತೊಡೆಯ ತುಂಡು, ಎದೆಯ ಮೂಳೆ, ಈಲಿ, ಬೋಟಿ ಎಲ್ಲವೂ ಸಮನಾಗಿ ಬೀಳಬೇಕು, ಬೀಳದಿದ್ದರೆ ಜಗಳ. ಚೂರಿ ಹಿಡಿಯುವವರು ಊರಿಗೆ ಒಬ್ಬಿಬ್ಬರು ಮಾತ್ರ. ಆದರೆ ಒಬ್ಬ ಕಾಲು ಹಿಡಿಯುತ್ತಾನೆ, ಒಬ್ಬ ರಕ್ತಕ್ಕೆ ಪಾತ್ರೆ ಒಡ್ಡುತ್ತಾನೆ, ಹುಡುಗರು ನೀರು ತರುತ್ತಾರೆ. ಹರಕೆಯ ಕುರಿಯಾದರೆ ಮೈಮೇಲೆ ನೀರು ಚಿಮುಕಿಸಿ ಅದು ಮೈ ಒದರುವವರೆಗೆ ಕಾಯುತ್ತಾರೆ, ಒದರಿದರೆ ದೇವಿ ಒಪ್ಪಿದಳೆಂದು ಅರ್ಥ. ಕುರಿ ತನ್ನ ಸಾವಿಗೆ ಸಮ್ಮತಿಸಿತೆಂದು ನಾನು ನಂಬುವುದಿಲ್ಲ. ನೀರು ಬಿದ್ದ ಯಾವ ಕುರಿಯೂ ಮೈ ಒದರುತ್ತದೆ. ಆದರೆ ಕಾಯುವ ಆ ಕೆಲವು ನಿಮಿಷ ಸುತ್ತ ನಿಂತವರೆಲ್ಲರ ಕಣ್ಣು ಕುರಿಯ ಮೇಲೆಯೇ ಇರುತ್ತದೆ. ದೇವಸ್ಥಾನದ ಆವರಣದಲ್ಲಿ ಪ್ರಾಣಿಬಲಿ ಕೊಡುವುದನ್ನು ನಮ್ಮ ರಾಜ್ಯದ 1959ರ ಕಾಯಿದೆ ನಿಷೇಧಿಸಿತು, ಅದು ಸರಿಯೆಂದೇ ನನ್ನ ಅಭಿಪ್ರಾಯ. ಹಾಗೆಂದು ತಿನ್ನುವವರ ಕಣ್ಣೆದುರಿನ ಸಾವು ಅಂಗಡಿಯ ಹಿಂಬದಿಯ ಸಾವಿಗಿಂತ ಕೀಳು ಎಂದು ನಾನು ಒಪ್ಪಲಾರೆ. ಬಕ್ರೀದಿನಲ್ಲೂ ಮನೆಯ ಯಜಮಾನ ಸಾಧ್ಯವಾದರೆ ತಾನೇ ಕುರ್ಬಾನಿ ಕೊಡಬೇಕು, ಆಗದಿದ್ದರೆ ಎದುರು ನಿಲ್ಲುವುದು ಒಳಿತು ಎಂಬ ನಡೆ ಇದೆ. ಚೂರಿಯನ್ನು ಪ್ರಾಣಿಯ ಎದುರು ಮಸೆಯಬಾರದು ಎಂಬ ಕಟ್ಟುಪಾಡೂ ಅದರ ಜೊತೆಗಿದೆ.

ನಗರ ಈ ಎಲ್ಲವನ್ನೂ ಮರೆಗೆ ಸರಿಸಿತು, ಭಾಷೆಯೂ ಅದಕ್ಕೆ ನೆರವಾಯಿತು. ಕೋಳಿ ಕೂಗಿತು ಎನ್ನುತ್ತೇವೆ, ಚಿಕನ್ ಕೂಗಿತು ಎಂದು ಯಾರೂ ಹೇಳುವುದಿಲ್ಲ. ಕುರಿ ಮೇಯುತ್ತದೆ, ಮಟನ್ ಮೇಯುವುದಿಲ್ಲ. ಕೋಳಿ ಸಾರು ಎಂಬ ಮಾತಿನಲ್ಲಿ ಹಕ್ಕಿ ಇನ್ನೂ ಉಳಿದಿತ್ತು, ‘ಚಿಕನ್ ಬೋನ್‌ಲೆಸ್’ನಲ್ಲಿ ಅದರ ಮೂಳೆಯೂ ಇಲ್ಲ. ನಾರ್ವೆಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಇಡಿಯಾಗಿ ಸುಟ್ಟ ಹಂದಿಯ ಚಿತ್ರದಲ್ಲಿ ತಲೆ ಕಾಣುವಂತಿದ್ದಾಗ ಜನರಿಗೆ ಪ್ರಾಣಿಯ ಬಗ್ಗೆ ಮರುಕ ಹೆಚ್ಚಿ ತಿನ್ನುವ ಮನಸ್ಸು ಕುಗ್ಗಿತು. ಊಟದ ಪಟ್ಟಿಯಲ್ಲಿ ಮಾಂಸದ ಹೆಸರಿನ ಬದಲು ಪ್ರಾಣಿಯ ಹೆಸರನ್ನು ಬರೆದಾಗಲೂ ಹಾಗೆಯೇ ಆಯಿತು. ಮರುಕ ಇಲ್ಲದಿರುವುದಲ್ಲ, ಅದನ್ನು ಎಬ್ಬಿಸದಂತೆ ಎಲ್ಲವನ್ನೂ ಜೋಡಿಸಿಟ್ಟುಕೊಂಡಿದ್ದೇವೆ. (ಮೀನಿನ ವಿಷಯದಲ್ಲಿ ನಮಗೆ ಈ ಏರ್ಪಾಡೂ ಬೇಕಾಗಿಲ್ಲ. ಬಲೆಯಲ್ಲಿ ಉಸಿರುಗಟ್ಟಿ ಸಾಯುವ ಅದರ ಬಗ್ಗೆ ನಿಮ್ಮ ಪತ್ರವೂ ಏನೂ ಹೇಳಿಲ್ಲ. ಕೂಗದ ಪ್ರಾಣಿಗೆ ನಾವು ಇಬ್ಬರೂ ಬಾಕಿ ಉಳಿಸಿಕೊಂಡಿದ್ದೇವೆ.)

ನೀವು ಹಾಲು ಕುಡಿಯುವ ಸಸ್ಯಾಹಾರಿ ಎಂದು ಬರೆದಿದ್ದೀರಿ. ಬಾಯಿ ಮುಚ್ಚಿಸಲು ಕೇಳುತ್ತಿಲ್ಲ, ಆದರೆ ಎತ್ತಿನ ಬದಲು ಟ್ರ್ಯಾಕ್ಟರ್ ಬಂದ ಮೇಲೆ ಹಾಲಿನ ಮನೆಗಳಲ್ಲಿ ಹುಟ್ಟುವ ಗಂಡು ಕರುಗಳು ಎಲ್ಲಿಗೆ ಹೋಗುತ್ತವೆ ಎಂಬುದನ್ನು ನೀವೂ ಒಮ್ಮೆ ವಿಚಾರಿಸಬೇಕು. ಮೊಟ್ಟೆಯ ಕಥೆಯೂ ಬೇರೆಯಲ್ಲ. ಮೊಟ್ಟೆಕೋಳಿ ತಳಿಯ ಗಂಡು ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವುದು ಜಗತ್ತಿನಾದ್ಯಂತ ರೂಢಿಯಲ್ಲಿದೆ. ಜರ್ಮನಿ ಅದನ್ನು 2022ರಿಂದ ನಿಷೇಧಿಸಿದೆ.

ಕೊಲ್ಲಲಾರದೆ ತಿನ್ನುವವರ ಮೇಲೆ ಋಣವೊಂದಿದೆ ಎಂಬುದು ನನ್ನ ನಂಬಿಕೆ, ಅದನ್ನು ತೀರಿಸುವ ದಾರಿಯೂ ಸ್ಪಷ್ಟವಾಗಿದೆ. ಪ್ರಾಣಿಹಿಂಸೆ ತಡೆ ಕಾಯಿದೆಯಡಿ 2001ರಲ್ಲಿ ಬಂದ ಕಸಾಯಿಖಾನೆ ನಿಯಮಗಳು, ಒಂದು ಪ್ರಾಣಿಯ ಎದುರು ಇನ್ನೊಂದನ್ನು ಕೊಲ್ಲಬಾರದು, ಗಬ್ಬದ ಪ್ರಾಣಿಯನ್ನೂ ಮೂರು ತಿಂಗಳಿಗಿಂತ ಎಳೆಯ ಮರಿಯ ತಾಯಿಯನ್ನೂ ಕೊಲ್ಲಬಾರದು, ಪಶುವೈದ್ಯರ ತಪಾಸಣೆಯಾದ ಪ್ರಾಣಿಗೆ 24 ಗಂಟೆಗಳ ವಿಶ್ರಾಂತಿ ಕೊಟ್ಟ ನಂತರವೇ ಕೊಲ್ಲಬೇಕು ಎನ್ನುತ್ತವೆ. ಒಬ್ಬ ವೈದ್ಯರು ಗಂಟೆಗೆ 12ಕ್ಕಿಂತ, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ತಪಾಸಣೆ ಮಾಡಕೂಡದು. ಹೊಸತೊಡಕಿನ ಬೆಳಿಗ್ಗೆ ನೀವು ಕಂಡ ಆ ಅಂಗಡಿಯ ಹಿಂಬದಿಯಲ್ಲಿ ಇವುಗಳಲ್ಲಿ ಯಾವುದಾದರೂ ಪಾಲನೆಯಾಗಿರಬಹುದೇ? ಸಾಲಿನಲ್ಲಿ ನಿಂತವರು ಯಾರೂ ಕೇಳಿರಲಾರರು, ನಾನೂ ಎಷ್ಟೋ ವರ್ಷ ಕೇಳಲಿಲ್ಲ. ಬೆಲೆ ಹೆಚ್ಚಾಯಿತೆಂದು ಚೌಕಾಸಿ ಮಾಡಿದ್ದೇನೆ, ಚೆನ್ನಾಗಿರುವ ತೊಡೆ ಕೊಡಿ ಎಂದಿದ್ದೇನೆ. ಈ ಕುರಿಗಳು ಎಷ್ಟು ಹೊತ್ತಿನಿಂದ ನೀರಿಲ್ಲದೆ ನಿಂತಿವೆ, ಕುಯ್ಯುವ ಹುಡುಗನ ಕೈಗೆ ಗಾಯವಾದರೆ ಆಸ್ಪತ್ರೆ ಖರ್ಚು ಕೊಡುವವರು ಯಾರು, ಅವನು ನಿದ್ದೆಗೆಟ್ಟು ಎಷ್ಟು ಕುರಿ ಕುಯ್ದಿದ್ದಾನೆ ಎಂದು ಕೇಳಿದ್ದಿಲ್ಲ. ಸುಸ್ತಾದ ಕೈ ಕೊಡುವ ಎರಡನೆಯ ಸಾವಿನಲ್ಲಿ ನನ್ನ ಪಾಲೂ ಇದೆ. ಕೊಳ್ಳುವವರು ಕೇಳತೊಡಗಿದರೆ ಅಂಗಡಿಯವರು ಉತ್ತರಿಸಬೇಕಾಗುತ್ತದೆ, ಅಂಗಡಿಯವರು ಕೇಳಿದರೆ ನಗರಸಭೆಯೂ ಉತ್ತರಿಸಬೇಕಾಗುತ್ತದೆ.

ಮುಂದಿನ ಹೊಸತೊಡಕಿಗೆ ನಾನು ಸಾಲಿನಲ್ಲಿ ನಿಲ್ಲದೆ ಊರಿಗೆ ಹೋಗಬೇಕೆಂದಿದ್ದೇನೆ. ಮಾವನಿಗೆ ಈಗ ಕೈ ನಡುಗುತ್ತದೆ, ಚೂರಿ ಅವರ ಮಗನ ಕೈಗೆ ಬಂದಿದೆ. ಈ ಸಲ ಕುರಿಯ ಕಾಲು ಹಿಡಿಯುವವನು ನಾನೇ ಎಂದು ಅವನಿಗೆ ಫೋನಿನಲ್ಲಿ ತಿಳಿಸಿದ್ದೇನೆ. ‘ಕಣ್ಣು ಮುಚ್ಕೊಳಂಗಿಲ್ಲ’ ಎಂದಿದ್ದಾನೆ. ಆಗಲಿ ಎಂದಿದ್ದೇನೆ.

— ಸಂಪಾದಕ