ಎಕ್ಸ್‌ಪ್ಲೋರರ್ ಹೋಯಿತು, ನಮ್ಮ ಹಳೆಯ ಪುಟಗಳ ಗತಿಯೇನು?

ಪ್ರಶ್ನೆ: ನಮ್ಮ ಸಹಕಾರ ಸಂಘದ ಲೆಕ್ಕಪತ್ರದ ಪುಟ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ತೆರೆಯುತ್ತದೆ. ಹೊಸದಾಗಿ ಬಂದ ವಿಂಡೋಸ್ 11 ಕಂಪ್ಯೂಟರಿನಲ್ಲಿ ಅದು ಇಲ್ಲ, ಎಡ್ಜ್ ಇದೆ. ಹಳೆಯದನ್ನೇ ಡೌನ್‌ಲೋಡ್ ಮಾಡಿ ಹಾಕಿಕೊಳ್ಳಬಹುದೇ? ಚೆನ್ನಾಗಿದ್ದುದನ್ನು ಏಕೆ ತೆಗೆದರು?
– ಸಂಘವೊಂದರ ಗುಮಾಸ್ತರು, ತಿಪಟೂರು

ಉತ್ತರ: ದಯವಿಟ್ಟು ಆ ಕೆಲಸಕ್ಕೆ ಕೈ ಹಾಕಬೇಡಿ. ವಿಂಡೋಸ್ 11ರಲ್ಲಿ ಎಕ್ಸ್‌ಪ್ಲೋರರ್ ಪ್ರತ್ಯೇಕ ಬ್ರೌಸರ್ ಆಗಿ ನಡೆಯುವುದಿಲ್ಲ. ಅದರ ಹೆಸರಿನಲ್ಲಿ ಎಲ್ಲೆಲ್ಲೋ ಸಿಗುವ ಫೈಲುಗಳನ್ನು ಸದಸ್ಯರ ಹಣದ ಲೆಕ್ಕವಿರುವ ಯಂತ್ರಕ್ಕೆ ತಂದರೆ ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತಾಗುತ್ತದೆ. ನಿಮಗೆ ಬೇಕಾದುದು ಎಡ್ಜ್‌ನ ಒಳಗೇ ಇದೆ. ಅದರ ಬಲ ಮೇಲ್ತುದಿಯ ಮೂರು ಚುಕ್ಕಿಗಳನ್ನು ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ, ಡಿಫಾಲ್ಟ್ ಬ್ರೌಸರ್ ಎಂಬ ಭಾಗದಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಮೋಡ್‌ಗೆ ಅನುಮತಿ ಕೊಟ್ಟು, ಎಡ್ಜನ್ನು ಒಮ್ಮೆ ಮುಚ್ಚಿ ತೆರೆಯಿರಿ. ಬಳಿಕ ಅದೇ ಜಾಗದಲ್ಲಿರುವ ಪಟ್ಟಿಗೆ ನಿಮ್ಮ ಲೆಕ್ಕದ ಪುಟದ ಪೂರ್ಣ ವಿಳಾಸವನ್ನು ಸೇರಿಸಿದರೆ, ಆ ಪುಟವೊಂದು ಎಕ್ಸ್‌ಪ್ಲೋರರ್‌ನ ಹಳೆಯ ಎಂಜಿನ್‌ನಲ್ಲಿ, ಅಂದರೆ ಪುಟವನ್ನು ಓದಿ ತೋರಿಸುವ ಒಳಭಾಗದಲ್ಲಿ, ತೆರೆಯುತ್ತದೆ. ಎಡ್ಜ್‌ನ ಮೇಲ್ಭಾಗದಲ್ಲಿ ಪುಟದ ವಿಳಾಸ ಕಾಣುವ ಜಾಗದ ಎಡಗಡೆ ಎಕ್ಸ್‌ಪ್ಲೋರರ್‌ನ ಸಣ್ಣ ಚಿಹ್ನೆ ಕಂಡರೆ ಕೆಲಸವಾಯಿತೆಂದು ತಿಳಿಯಿರಿ. ಹೀಗೆ ಸೇರಿಸಿದ ವಿಳಾಸ 30 ದಿನ ಮಾತ್ರ ಪಟ್ಟಿಯಲ್ಲಿರುತ್ತದೆ. ತಿಂಗಳಾದ ಮೇಲೆ ಪುಟ ಮತ್ತೆ ಕೈಕೊಟ್ಟರೆ ಗಾಬರಿಯಾಗದೆ, ವಿಳಾಸವನ್ನು ಇನ್ನೊಮ್ಮೆ ಸೇರಿಸಿ. ನಂಬಿಕೆಯಿರುವ ಪುಟಗಳನ್ನಲ್ಲದೆ ಬೇರೆ ಯಾವುದನ್ನೂ ಆ ಪಟ್ಟಿಗೆ ಹಾಕಬೇಡಿ.

ಇನ್ನು ನಿಮ್ಮ ಎರಡನೆಯ ಮಾತು. ಅದು ಚೆನ್ನಾಗಿತ್ತು ಎಂಬುದನ್ನು ನಾನು ಒಪ್ಪಲಾರೆ. 1995ರಲ್ಲಿ ಹುಟ್ಟಿದ ಈ ಬ್ರೌಸರ್, ವಿಂಡೋಸ್ ಜೊತೆಯಲ್ಲೇ ಬರುತ್ತಿದ್ದುದರಿಂದ, 2000ದ ದಶಕದ ಆರಂಭಕ್ಕೆ ಎದುರಾಳಿಯೇ ಇಲ್ಲದಂತೆ ಬೆಳೆಯಿತು. 2001ರಲ್ಲಿ ಆರನೆಯ ಆವೃತ್ತಿ ಬಂದ ಮೇಲೆ ಏಳನೆಯದಕ್ಕಾಗಿ ಜನ 2006ರವರೆಗೆ ಕಾಯಬೇಕಾಯಿತು. ಆ ಅವಧಿಯಲ್ಲಿ ಬ್ಯಾಂಕು, ಕಚೇರಿಗಳ ಪುಟಗಳನ್ನು ಬರೆದವರು ಅದೊಂದನ್ನೇ ನಂಬಿ, ಆಕ್ಟಿವ್‌ಎಕ್ಸ್ ಎಂಬ ತುಣುಕು ಪ್ರೋಗ್ರಾಮುಗಳನ್ನು ಪುಟಗಳಿಗೆ ಜೋಡಿಸಿದರು. ಡಿಜಿಟಲ್ ಸಹಿಯ ಟೋಕನ್ ಓದುವಂತಹ ಕೆಲಸವನ್ನು ಆ ತುಣುಕು ಸಲೀಸಾಗಿ ಮಾಡುತ್ತಿತ್ತು, ಆದರೆ ಕಂಪ್ಯೂಟರಿನ ಮೇಲೆ ಬಳಕೆದಾರನಿಗಿರುವ ಅಧಿಕಾರವೆಲ್ಲ ಅದಕ್ಕೂ ಸಿಗುತ್ತಿದ್ದುದರಿಂದ ದುಷ್ಟರಿಗೂ ಅದೇ ಹೆಬ್ಬಾಗಿಲಾಯಿತು. ನಿಮ್ಮ ಪುಟ ಬೇರೆಡೆ ತೆರೆಯದಿರುವುದಕ್ಕೂ ಬಹುಶಃ ಇದೇ ಕಾರಣ. ಮೈಕ್ರೋಸಾಫ್ಟ್ 2015ರಲ್ಲಿ ಎಡ್ಜನ್ನು ತಂದು, 2020ರ ಜನವರಿಯಲ್ಲಿ ಅದನ್ನು ಗೂಗಲ್‌ನ ಕ್ರೋಮ್ ಬ್ರೌಸರ್‌ಗೂ ಆಧಾರವಾಗಿರುವ ಕ್ರೋಮಿಯಂ ಎಂಬ ತಂತ್ರಾಂಶದ ಮೇಲೆ ಹೊಸದಾಗಿ ಕಟ್ಟಿತು; 2022ರ ಜೂನ್ 15ರಂದು ಎಕ್ಸ್‌ಪ್ಲೋರರನ್ನು ನಿವೃತ್ತಿಗೊಳಿಸಿ, 2023ರ ಫೆಬ್ರವರಿಯಲ್ಲಿ ವಿಂಡೋಸ್ 10ರಲ್ಲಿಯೂ ಅದು ತೆರೆಯದಂತೆ ಮಾಡಿತು. ಎಕ್ಸ್‌ಪ್ಲೋರರ್ ಮೋಡ್ ಕನಿಷ್ಠ 2029ರವರೆಗೆ ಇರುತ್ತದೆಂದು ಕಂಪನಿ ಹೇಳಿದೆ. ಅಷ್ಟರೊಳಗೆ ಪುಟವನ್ನು ಎಲ್ಲ ಬ್ರೌಸರ್‌ಗಳಿಗೂ ಹೊಂದುವಂತೆ ಬರೆಸಬೇಕೆಂದು ಮುಂದಿನ ಆಡಳಿತ ಮಂಡಳಿ ಸಭೆಯಲ್ಲೇ ವಿಷಯ ಮಂಡಿಸಿ.

ಪ್ರಶ್ನೆ: ಇಪ್ಪತ್ತು ವರ್ಷಗಳ ಹಿಂದೆ ಕನ್ನಡದ ಜಾಲತಾಣಗಳಿಂದ ಉಳಿಸಿಕೊಂಡ ಹಲವು ಲೇಖನಗಳು ನನ್ನಲ್ಲಿವೆ. ಎಡ್ಜ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಎಲ್ಲವೂ ಹಾಳಾಯಿತೇ?
– ನಿವೃತ್ತ ಉಪನ್ಯಾಸಕರು, ಧಾರವಾಡ

ಉತ್ತರ: ಹಾಳಾಗಿಲ್ಲ. ಪ್ರತಿ ಭಾಷೆಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುನ್ನ ನಮ್ಮ ತಾಣಗಳಲ್ಲಿ ಕನ್ನಡ ಕಾಣುತ್ತಿದ್ದುದು ಫಾಂಟಿನ ಬಲದಿಂದ: ಫೈಲಿನೊಳಗೆ ಇರುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತಗಳೇ, ಅವುಗಳ ಮೇಲೆ ಕನ್ನಡದ ಆಕಾರವನ್ನು ಫಾಂಟು ಹೊದಿಸುತ್ತಿತ್ತು. ಆ ಫಾಂಟನ್ನು ಪುಟದೊಂದಿಗೆ ತಾನಾಗಿ ಇಳಿಸಿಕೊಳ್ಳುವ ಏರ್ಪಾಡು 1997ರ ನಾಲ್ಕನೆಯ ಆವೃತ್ತಿಯಿಂದ ಎಕ್ಸ್‌ಪ್ಲೋರರ್‌ನಲ್ಲಿತ್ತು. ಅಂತಹ ಫಾಂಟ್ ಫೈಲನ್ನು ಎಡ್ಜ್ ಓದುವುದಿಲ್ಲ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಫಾಂಟಿನೊಂದಿಗೆ ಯೂನಿಕೋಡ್ ಕನ್ನಡವನ್ನು ತಂದ ಮೇಲೂ ಎಷ್ಟೋ ತಾಣಗಳು ಹಳೆಯ ದಾರಿಯಲ್ಲೇ ನಡೆದವು. ಓದುಗರು ಅಕ್ಕರೆಯಿಂದ ಕೂಡಿಟ್ಟ ಬರಹ ಹೀಗೆ ಕಣ್ಣಿಗೆ ಕಾಣದಂತಾಗುವುದನ್ನು ನೋಡಿದಾಗಲೆಲ್ಲ ನನಗೆ ನೋವಾಗುತ್ತದೆ.

ಲೇಖನ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಸಂಕೇತಗಳಲ್ಲಿದ್ದರೆ, ಅವುಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಸಿಗುತ್ತವೆ. ಪತ್ರಿಕೆಗಳು ತಮ್ಮದೇ ಫಾಂಟುಗಳನ್ನು ಬಳಸಿದ್ದಲ್ಲಿ ಒತ್ತಕ್ಷರ, ಅರ್ಕಾವತ್ತುಗಳು ತಪ್ಪಾಗಿ ಬರಬಹುದು. ಆಗ ಆ ಮೂಲ ಫಾಂಟು ಯಾರ ಹಳೆಯ ಕಂಪ್ಯೂಟರಿನಲ್ಲಾದರೂ ಇದೆಯೇ ಎಂದು ವಿಚಾರಿಸಿ ನಿಮ್ಮಲ್ಲಿ ಹಾಕಿಕೊಂಡರೆ, ಬಹುಮಟ್ಟಿಗೆ ಪುಟ ಓದಲು ಬರುತ್ತದೆ. ಅದನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ. ಯೂನಿಕೋಡಿಗೆ ತಿರುಗಿಸಿದ ಪ್ರತಿಯ ಕರಡನ್ನು ಪೂರ್ತಿ ತಿದ್ದಿ ಮುಗಿಸುವವರೆಗೆ ಮೂಲ ಫೈಲನ್ನು ಮಾತ್ರ ಅಳಿಸಬೇಡಿ.